ಕಡತಕ್ಕೊಂದು ಕಾವಲು

ಕಾರವಾರದ ರೈಲುನಿಲ್ದಾಣವಿರುವುದು ಕಾರವಾರ ಪಟ್ಟಣದಲ್ಲಲ್ಲ. ಪಟ್ಟಣದಿಂದ ಕೆಲವು ಮೈಲಿ ದೂರದ ಶಿರವಾಡದಲ್ಲಿ. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗವು ಉದ್ದಕ್ಕೂ ಸಂಚಾರಕ್ಕೆ ತೆರೆದಂದಿನಿಂದ ಈ ಊರಿನ ಹೆಸರು ದೂರದ ಪ್ರಯಾಣಿಕರ ಕಿವಿಗೂ ಬಿದ್ದಿದೆ. ಈ ಭಾಗದಲ್ಲಿ ಹಳಿಯ ದಾರಿ ಒಂದೇ. ಎದುರುಬದುರಾಗಿ ಬರುವ ಗಾಡಿಗಳು ಒಂದನ್ನೊಂದು ದಾಟುವುದು ನಿಲ್ದಾಣಗಳಲ್ಲಿ ಮಾತ್ರ. ಒಂದು ಗಾಡಿ ಒಳಗೆ ಬಂದು ನಿಲ್ಲುವವರೆಗೆ ಮತ್ತೊಂದು ತಾಳ್ಮೆಯಿಂದ ಕಾಯಬೇಕು.

ಅಂತಹ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದವನಿಗೆ ಮೂರು ಬಗೆಯ ಅಧಿಕಾರಗಳು ಕಾಣಿಸುತ್ತವೆ. ಗಾಡಿಗಳ ವೇಳೆಯನ್ನು ಸಾರುವ ಹಲಗೆಯನ್ನು ಯಾರು ಬೇಕಾದರೂ ಓದಬಹುದು. ಟಿಕೆಟ್ಟು ಇಲ್ಲದವನೂ ಓದಬಹುದು. ಆದರೆ ಅದರ ಮೇಲಿನ ಅಂಕಿಯನ್ನು ತಿದ್ದುವ ಹಕ್ಕು ನಿಲ್ದಾಣದ ಸಿಬ್ಬಂದಿಗೆ ಮಾತ್ರ ಉಂಟು. ಇನ್ನು ಒಳಗಿನ ಕೋಣೆಯಲ್ಲಿರುವ ಸಿಗ್ನಲ್ ಹಲಗೆಯ ಗುಂಡಿಗಳನ್ನು ಒತ್ತಿ, ಹಳಿಯನ್ನು ತಿರುಗಿಸಿ, ಗಾಡಿಯನ್ನು ಬರಮಾಡಿಕೊಳ್ಳುವ ಕಾರ್ಯವು ಅಂದಿನ ಪಾಳಿಯ ಸ್ಟೇಷನ್ ಮಾಸ್ತರರಿಗೆ ಸೇರಿದ್ದು. ಓದುವುದು, ಬರೆಯುವುದು, ನಡೆಸುವುದು: ಈ ಮೂರೂ ಬೇರೆ ಬೇರೆ. ಮೂರನ್ನೂ ಎಲ್ಲರಿಗೂ ಕೊಟ್ಟರೆ ಒಂಟಿ ಹಳಿಯ ಮೇಲೆ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ. ಯಾವುದನ್ನೂ ಯಾರಿಗೂ ಕೊಡದಿದ್ದರೆ ಗಾಡಿಯೇ ಹೊರಡುವುದಿಲ್ಲ.

ಗಣಕಯಂತ್ರದೊಳಗಿನ ಕಡತಗಳಿಗೂ ಇಂಥದೇ ಕಾವಲು ಬೇಕಾಯಿತು. ಅದರ ಹುಟ್ಟಿಗೆ ಒಂದು ಕಾರಣವಿದೆ. ಮೊದಮೊದಲು ಗಣಕಯಂತ್ರವೆಂದರೆ ಒಂದು ಹೊತ್ತಿಗೆ ಒಬ್ಬನ ಕೆಲಸವನ್ನಷ್ಟೇ ಮಾಡುವ ಯಂತ್ರವಾಗಿತ್ತು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಹೋದ್ಯೋಗಿಗಳು 1961ರಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯೊಂದನ್ನು ಮಾಡಿ ತೋರಿಸಿದರು. ಹಲವರು ಒಂದೇ ಮನೆಯಲ್ಲಿ ವಾಸಿಸತೊಡಗಿದ ಮೇಲೆ ಪೆಟ್ಟಿಗೆಗಳಿಗೆ ಬೀಗ ಬೇಕಾಗುವುದು ಸಹಜ. ಪ್ರತಿಯೊಬ್ಬನಿಗೂ ಒಂದು ಗುಪ್ತಪದವನ್ನು ಕೊಟ್ಟು, ಆ ಪದಗಳನ್ನೆಲ್ಲ ಒಂದು ಕಡತದಲ್ಲಿ ಇರಿಸಿದರು. 1960ರ ದಶಕದ ನಡುವಿನಲ್ಲಿ ಒಂದು ದಿನ ಇಬ್ಬರು ಮೇಲ್ವಿಚಾರಕರು ಒಂದೇ ಹೊತ್ತಿನಲ್ಲಿ ಎರಡು ಕಡತಗಳನ್ನು ತಿದ್ದುತ್ತಿದ್ದರು. ಒಂದು ಗುಪ್ತಪದಗಳ ಕಡತ. ಇನ್ನೊಂದು ಬಳಕೆದಾರರಿಗೆ ಪ್ರವೇಶದ ವೇಳೆಯಲ್ಲಿ ತೋರಿಸುವ ಪ್ರಕಟಣೆ. ತಿದ್ದುವ ಸಾಧನವು ತನ್ನ ತಾತ್ಕಾಲಿಕ ಕಡತಕ್ಕೆ ಇಬ್ಬರಿಗೂ ಒಂದೇ ಹೆಸರನ್ನು ಇಟ್ಟಿದ್ದರಿಂದ ಎರಡೂ ಅದಲುಬದಲಾದವು. ಅನಂತರ ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ಪ್ರಕಟಣೆಯ ಬದಲು ಎಲ್ಲರ ಗುಪ್ತಪದಗಳ ಪಟ್ಟಿ ಕಾಣಿಸಿತು! ಕಳ್ಳನಿಲ್ಲದೆ ನಡೆದ ಕಳವು ಇದು. ಯಾರೊಬ್ಬರೂ ಕೇಡನ್ನು ಬಯಸಿರಲಿಲ್ಲ.

1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬುವರು ಸಣ್ಣದೊಂದು ಯಂತ್ರದ ಮೇಲೆ ಯೂನಿಕ್ಸ್ ಎಂಬ ಹೊಸ ವ್ಯವಸ್ಥೆಯ ರಚನೆಗೆ ತೊಡಗಿದರು. ಅದರ ಮೊದಲ ಕೈಪಿಡಿ 1971ರ ನವೆಂಬರ್ ತಿಂಗಳಿನಲ್ಲಿ ಹೊರಬಂದಿತು. ಕಡತದ ಅನುಮತಿಯನ್ನು ಬದಲಿಸುವ ಆದೇಶವು ಆ ಕೈಪಿಡಿಯಲ್ಲಿಯೇ ಇದೆ. ಅದರ ಹೆಸರು ‘ಚೇಂಜ್ ಮೋಡ್’ ಎಂಬ ಎರಡು ಪದಗಳನ್ನು ಮೊಟಕು ಮಾಡಿದ ‘ಚ್‌ಮೋಡ್’. ಯಂತ್ರದ ಮುಂದೆ ಕುಳಿತವನು ಅದನ್ನು ಸಿ, ಎಚ್, ಎಂ, ಓ, ಡಿ ಎಂಬ ಐದು ರೋಮನ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಬೇಕು. ಈ ಪಾಠದಲ್ಲಿ ಆದೇಶಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಮೊದಲಿನ ಯೂನಿಕ್ಸಿನಲ್ಲಿ ಜನರು ಎರಡೇ ವರ್ಗ: ಕಡತದ ಒಡೆಯ, ಮತ್ತು ಒಡೆಯನಲ್ಲದ ಉಳಿದವರು. ಈ ಎರಡರ ನಡುವೆ ‘ಗುಂಪು’ ಎಂಬ ಮೂರನೆಯ ವರ್ಗ ಸೇರಿದ್ದು ತರುವಾಯ. ಒಟ್ಟಿಗೆ ದುಡಿಯುವವರು ಒಡೆಯರೂ ಅಲ್ಲ, ಪರಕೀಯರೂ ಅಲ್ಲ ಎಂಬುದು ಅನುಭವದಿಂದ ತಿಳಿದುಬಂದಿರಬೇಕು.

ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದರೂ ಆ ಏರ್ಪಾಡು ಹೆಚ್ಚು ಬದಲಾಗಿಲ್ಲ. ಯೂನಿಕ್ಸಿನ ಮಾದರಿಯನ್ನು ಅನುಸರಿಸಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಇಂದು ಜಗತ್ತಿನ ಅಸಂಖ್ಯ ಯಂತ್ರಗಳನ್ನು ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳು ತಮ್ಮ ಪಠ್ಯಕ್ರಮದಲ್ಲಿ ಬಳಸುವ ಗಣಕಗಳೂ ಲಿನಕ್ಸಿನವೇ. ಶಿರವಾಡದ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಅದರಲ್ಲಿ ಒಂದು ವಿನೋದವಿದೆ. ಫೋನಿಗೆ ಒಡೆಯ ಒಬ್ಬನೇ ಆದರೂ ಅದರೊಳಗಿನ ಒಂದೊಂದು ಆ್ಯಪನ್ನೂ ವ್ಯವಸ್ಥೆಯು ಬೇರೊಬ್ಬ ಬಳಕೆದಾರನೆಂದೇ ಎಣಿಸುತ್ತದೆ. ಒಂದು ಆ್ಯಪಿನ ಖಾಸಗಿ ಕಡತವನ್ನು ಮತ್ತೊಂದು ಮುಟ್ಟದಂತೆ ತಡೆಯುವುದು ಆ ಹಳೆಯ ಕಾವಲೇ.

ಒಂದು ಪ್ರೌಢಶಾಲೆಯ ಗಣಕದಲ್ಲಿ ‘ಅಂಕಪಟ್ಟಿ’ ಎಂಬ ಕಡತವಿದೆಯೆಂದು ಇಟ್ಟುಕೊಂಡರೆ ಈ ಕಾವಲಿನ ಬಗೆ ಸುಲಭವಾಗಿ ತಿಳಿಯುತ್ತದೆ. ಕಡತದ ಒಡೆಯರು ಮುಖ್ಯೋಪಾಧ್ಯಾಯರು, ಅಧ್ಯಾಪಕರದು ಒಂದು ಗುಂಪು, ವಿದ್ಯಾರ್ಥಿಗಳು ಇತರರು. ‘ಎಲ್‌ಎಸ್ -ಎಲ್’ ಎಂಬ ಆದೇಶವನ್ನು ಕೊಟ್ಟರೆ ಕಡತದ ಹೆಸರಿನ ಹಿಂದೆ ಹತ್ತು ಚಿಹ್ನೆಗಳ ಸಾಲೊಂದು ಕಾಣುತ್ತದೆ. ಮೊದಲನೆಯ ಚಿಹ್ನೆ ಅದು ಕಡತವೋ ಅಥವಾ ಕಡತಗಳನ್ನು ಇರಿಸುವ ಕೋಶವೋ ಎಂಬುದನ್ನು ಹೇಳುತ್ತದೆ. ಉಳಿದ ಒಂಬತ್ತು ಮೂರು ಮೂರರ ಗುಂಪಾಗಿ ಒಡೆಯ, ಗುಂಪು, ಇತರರು ಎಂಬ ಕ್ರಮದಲ್ಲಿ ಬರುತ್ತವೆ. ಪ್ರತಿ ಮೂರರಲ್ಲಿ ಆರ್ ಎಂದರೆ ಓದು, ಡಬ್ಲ್ಯು ಎಂದರೆ ಬರಹ, ಎಕ್ಸ್ ಎಂದರೆ ಚಾಲನೆ. ಅನುಮತಿ ಇಲ್ಲದ ಕಡೆ ಅಕ್ಷರದ ಸ್ಥಾನದಲ್ಲಿ ಒಂದು ಅಡ್ಡಗೆರೆ.

ಅಕ್ಷರಗಳಿಗೆ ಬದಲಾಗಿ ಅಂಕಿಗಳನ್ನು ಬಳಸುವ ರೂಢಿಯೂ ಉಂಟು. ಅದು ಅಂಗಡಿಯ ತಕ್ಕಡಿಯ ಲೆಕ್ಕದಂತೆ. ನಾಲ್ಕು, ಎರಡು, ಒಂದು ತೂಕದ ಮೂರು ಕಲ್ಲುಗಳಿದ್ದರೆ ಸೊನ್ನೆಯಿಂದ ಏಳರವರೆಗಿನ ಯಾವ ತೂಕವನ್ನಾದರೂ ಇಡಬಹುದು. ಪ್ರತಿಯೊಂದು ತೂಕವನ್ನೂ ಇಡುವ ರೀತಿ ಒಂದೇ. ಓದಿಗೆ 4, ಬರಹಕ್ಕೆ 2, ಚಾಲನೆಗೆ 1. ಓದು ಬರಹ ಎರಡೂ ಸೇರಿದರೆ 6. ಆದ್ದರಿಂದ ಮುಖ್ಯೋಪಾಧ್ಯಾಯರು

ಚ್‌ಮೋಡ್ 640 ಅಂಕಪಟ್ಟಿ

ಎಂದು ಬರೆದರೆ ಒಡೆಯರು ಓದಿ ತಿದ್ದಬಹುದು, ಅಧ್ಯಾಪಕರು ಓದಬಹುದು, ವಿದ್ಯಾರ್ಥಿಗಳಿಗೆ ಏನೂ ಇಲ್ಲ ಎಂದರ್ಥ. ಫಲಿತಾಂಶ ಪ್ರಕಟಿಸುವ ದಿನ 644 ಎಂದರೆ ಸಾಕು. ಎಲ್ಲರೂ ಓದಬಹುದು, ತಿದ್ದುವವರು ಮಾತ್ರ ಒಬ್ಬರೇ. ಅಂಕಿಗಳು ಬೇಡವೆನಿಸಿದರೆ ‘ಚ್‌ಮೋಡ್ ಓ+ಆರ್ ಅಂಕಪಟ್ಟಿ’ ಎಂದು ಬರೆದು, ಇರುವ ಅನುಮತಿಗಳನ್ನು ಕದಡದೆ, ಇತರರಿಗೆ ಓದಿನ ಹಕ್ಕನ್ನಷ್ಟೇ ಕೂಡಿಸಲೂ ಬರುತ್ತದೆ. ಕೂಡಿಸುವುದಕ್ಕೆ ಕೂಡು ಚಿಹ್ನೆ, ಕಳೆಯುವುದಕ್ಕೆ ಕಳೆ ಚಿಹ್ನೆ. ಹೊಸಬರಿಗೆ ಈ ಎರಡನೆಯ ಬಗೆಯೇ ಹೆಚ್ಚು ಕ್ಷೇಮ.

ಅನುಮತಿಯನ್ನು ಬದಲಿಸಬಲ್ಲವರು ಕಡತದ ಒಡೆಯ ಮತ್ತು ‘ರೂಟ್’ ಎಂಬ ಹೆಸರಿನ ಸರ್ವಾಧಿಕಾರಿ, ಇವರಿಬ್ಬರೇ. ಒಡೆತನವನ್ನೇ ಬೇರೊಬ್ಬರಿಗೆ ವರ್ಗಾಯಿಸುವ ‘ಚೌನ್’ ಎಂಬ ಆದೇಶ ಇನ್ನೂ ಬಿಗಿ. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರನು ತನ್ನ ಸ್ವಂತ ಕಡತವನ್ನೂ ಇನ್ನೊಬ್ಬನ ಹೆಸರಿಗೆ ಮಾಡಲಾರ. ಮಾಡುವಂತಿದ್ದರೆ ತನ್ನ ತಪ್ಪಿನ ಕಡತವನ್ನು ನೆರೆಯವನ ತಲೆಗೆ ಕಟ್ಟುವುದು ಸುಲಭವಾಗುತ್ತಿತ್ತು. ಇನ್ನೊಂದು ವಿಚಿತ್ರ ನಿಯಮವಿದೆ. ವ್ಯವಸ್ಥೆಯು ಮೊದಲು ಬಂದವನು ಒಡೆಯನೇ ಎಂದು ನೋಡುತ್ತದೆ. ಒಡೆಯನಾದರೆ ಒಡೆಯನ ಅಂಕಿಯನ್ನಷ್ಟೇ ಓದಿ ತೀರ್ಪು ಕೊಡುತ್ತದೆ. ಒಡೆಯನಿಗೆ ಸೊನ್ನೆ, ಇತರರಿಗೆ ನಾಲ್ಕು ಎಂದು ಬರೆದಿದ್ದರೆ ಊರೆಲ್ಲ ಓದುವ ಕಡತವನ್ನು ಒಡೆಯನೇ ಓದಲಾರ. ತಾನೇ ಹಾಕಿದ ಬೀಗವನ್ನು ತಾನೇ ತೆರೆಯುವ ದಾರಿ ಅವನಿಗೆ ಉಂಟೆಂಬುದೊಂದೇ ಸಮಾಧಾನ.

ಇಲ್ಲಿಯವರೆಗಿನದು ಕಡತದ ಮಾತು. ಕಡತಗಳನ್ನು ಇರಿಸುವ ಕೋಶದ ವಿಷಯಕ್ಕೆ ಬಂದಾಗ ಬುದ್ಧಿವಂತರೂ ಎಡವುತ್ತಾರೆ. ಯೂನಿಕ್ಸಿನಲ್ಲಿ ಕೋಶವೆಂದರೆ ಪೆಟ್ಟಿಗೆಯಲ್ಲ. ಅದೊಂದು ಹೆಸರುಗಳ ಪಟ್ಟಿ. ಯಾವ ಹೆಸರಿನ ಕಡತ ಯಂತ್ರದಲ್ಲಿ ಎಲ್ಲಿದೆ ಎಂಬುದಷ್ಟೇ ಆ ಪಟ್ಟಿಯಲ್ಲಿರುತ್ತದೆ. ಆದಕಾರಣ ಕೋಶಕ್ಕೆ ಓದಿನ ಅನುಮತಿಯೆಂದರೆ ಹೆಸರುಗಳನ್ನು ಓದುವ ಅನುಮತಿ. ಚಾಲನೆಯ ಅನುಮತಿಯೆಂದರೆ ಆ ಕೋಶವನ್ನು ಹಾದು ಒಳಗಿನ ಕಡತವನ್ನು ತಲುಪುವ ಅನುಮತಿ. ಹಾದುಹೋಗುವ ಹಕ್ಕಿದ್ದು ಓದುವ ಹಕ್ಕಿಲ್ಲದಿದ್ದರೆ, ಹೆಸರನ್ನು ಮೊದಲೇ ಬಲ್ಲವನು ಕಡತವನ್ನು ತಲುಪಬಹುದು. ಒಳಗೆ ಇನ್ನೇನಿದೆಯೆಂದು ಇಣುಕುವಂತಿಲ್ಲ. ಗೊತ್ತಿರುವ ಮನೆಯ ಬಾಗಿಲಿಗೆ ನೇರವಾಗಿ ಹೋಗಬಹುದು, ಕೇರಿಯ ಮನೆಗಳನ್ನೆಲ್ಲ ಎಣಿಸುವಂತಿಲ್ಲ ಎಂದ ಹಾಗೆ.

ಬರಹದ ಅನುಮತಿಯಾದರೋ ಇನ್ನೂ ಗಹನ. ಕೋಶಕ್ಕೆ ಬರೆಯುವುದೆಂದರೆ ಆ ಪಟ್ಟಿಯಲ್ಲಿ ಹೆಸರನ್ನು ಸೇರಿಸುವುದು, ಹೊಡೆದುಹಾಕುವುದು, ಬದಲಿಸುವುದು. ಹೊಡೆದುಹಾಕಬೇಕಾದ ಹೆಸರಿನ ಕಡತ ಯಾರದು, ಅದಕ್ಕೆ ಎಷ್ಟು ಬೀಗವಿದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮುಖ್ಯೋಪಾಧ್ಯಾಯರು ಅಂಕಪಟ್ಟಿಗೆ 440 ಎಂದು ಬಿಗಿದು, ತಮಗೂ ಬರಹದ ಹಕ್ಕನ್ನು ಉಳಿಸಿಕೊಳ್ಳದೆ, ನಿಶ್ಚಿಂತರಾಗಿ ಮನೆಗೆ ಹೋದರೆಂದು ಭಾವಿಸಬೇಕು. ಆದರೆ ಆ ಅಂಕಪಟ್ಟಿಯಿರುವ ಕೋಶಕ್ಕೆ ಯಾರೋ ಆತುರದಲ್ಲಿ ಎಲ್ಲ ಅನುಮತಿಗಳನ್ನೂ ಕೊಟ್ಟುಬಿಟ್ಟಿದ್ದಾರೆ. ಗಣಿತದಲ್ಲಿ ಅನುತ್ತೀರ್ಣನಾದ ಹುಡುಗನು ಆ ಕಡತದ ಒಂದಕ್ಷರವನ್ನೂ ಓದಲಾರ, ತಿದ್ದಲಾರ. ಆದರೆ ಅದನ್ನು ಅಳಿಸಬಲ್ಲ! ಅಳಿಸಿ, ತನಗೆ ನೂರಕ್ಕೆ ತೊಂಬತ್ತು ಅಂಕಗಳಿರುವ ಬೇರೊಂದು ಕಡತವನ್ನು ಅದೇ ಹೆಸರಿನಲ್ಲಿ ಅಲ್ಲಿ ಇರಿಸಬಲ್ಲ. ‘ಎಲ್‌ಎಸ್ -ಎಲ್’ ಎಂದು ನೋಡಿದರೆ ಮಾತ್ರ ಒಡೆಯನ ಹೆಸರು ಬದಲಾಗಿರುವುದು ಕಾಣುತ್ತದೆ. ಅಷ್ಟು ಗಮನಿಸಿ ನೋಡುವವರು ಎಷ್ಟು ಮಂದಿ? ಪೆಟ್ಟಿಗೆಗೆ ಭದ್ರವಾದ ಬೀಗ ಹಾಕಿ, ಪೆಟ್ಟಿಗೆಯನ್ನೇ ಹೊತ್ತೊಯ್ಯುವಂತೆ ಬೀದಿಯಲ್ಲಿ ಇಟ್ಟಂತಾಯಿತು.

ಎಲ್ಲರೂ ಬರೆಯಲೇಬೇಕಾದ ಕೋಶಗಳೂ ಇಲ್ಲದಿಲ್ಲ. ತಾತ್ಕಾಲಿಕ ಕಡತಗಳನ್ನು ಇರಿಸುವ ಸಾರ್ವಜನಿಕ ಕೋಶ ಅಂಥದು. ಅದಕ್ಕೆ 1777 ಎಂಬ ನಾಲ್ಕಂಕಿಯ ಅನುಮತಿ ಇರುತ್ತದೆ. ಮೊದಲಿನ 1 ಎಂಬುದು ಒಂದು ವಿಶೇಷ ಕಟ್ಟು: ಇಲ್ಲಿ ಯಾರು ಬೇಕಾದರೂ ತಮ್ಮದನ್ನು ಇರಿಸಬಹುದು, ಆದರೆ ಇನ್ನೊಬ್ಬರದನ್ನು ಅಳಿಸುವಂತಿಲ್ಲ.

ಆತುರದಲ್ಲಿ ಕೊಡುವ 777ರ ವಿಷಯವನ್ನು ಇನ್ನಷ್ಟು ಹೇಳಬೇಕಾಗಿದೆ. ಕೆಲಸವೊಂದು ನಡೆಯದೆ ‘ಅನುಮತಿ ಇಲ್ಲ’ ಎಂಬ ಸಂದೇಶ ಬಂದಾಗ ಕಲಿಯುವವರು ಸಾಮಾನ್ಯವಾಗಿ ಮಾಡುವುದು ಇದನ್ನೇ. ಮೂವರಿಗೂ ಮೂರನ್ನೂ ಕೊಟ್ಟರೆ ಸಂದೇಶ ಮಾಯವಾಗುತ್ತದೆ, ಕೆಲಸ ನಡೆಯುತ್ತದೆ, ಕೊಟ್ಟದ್ದು ಮರೆತುಹೋಗುತ್ತದೆ. ಮರೆತುಹೋಗುವುದೇ ಅಪಾಯ. ಏನು ಕಡಮೆಯಾಗಿತ್ತು, ಯಾರಿಗೆ ಕಡಮೆಯಾಗಿತ್ತು ಎಂದು ಒಂದು ನಿಮಿಷ ವಿಚಾರಿಸಿದ್ದರೆ ಹೆಚ್ಚಿನ ವೇಳೆ ಒಂದೇ ಅಕ್ಷರದಿಂದ ಆಗುವ ಕೆಲಸವದು. ದೂರದ ಯಂತ್ರಗಳನ್ನು ಗುಪ್ತವಾಗಿ ಸಂಪರ್ಕಿಸುವ ‘ಎಸ್‌ಎಸ್‌ಎಚ್’ ಎಂಬ ಸಾಧನವು ಈ ವಿಷಯದಲ್ಲಿ ಕಟ್ಟುನಿಟ್ಟಿನ ಗುಮಾಸ್ತನಂತೆ ವರ್ತಿಸುತ್ತದೆ. ಬಳಕೆದಾರನ ಖಾಸಗಿ ಕೀಲಿಯ ಕಡತವನ್ನು ಬೇರೆಯವರೂ ಓದುವಂತಿದ್ದರೆ ಅದು ಆ ಕೀಲಿಯನ್ನು ಬಳಸಲು ಒಪ್ಪುವುದೇ ಇಲ್ಲ. 600 ಎಂದು ಬಿಗಿದ ಮೇಲೆಯೇ ಮುಂದಿನ ಮಾತು.

ಇದಕ್ಕೆ ವಿರುದ್ಧವಾದ ಅವಘಡವೂ ಉಂಟು. ಒಂದು ಕೋಶವನ್ನೂ ಅದರೊಳಗಿನ ಸಮಸ್ತವನ್ನೂ ಒಮ್ಮೆಗೇ ಬದಲಿಸುವ ‘-ಆರ್’ ಎಂಬ ದೊಡ್ಡಕ್ಷರದ ಸೂಚನೆಯನ್ನು ಚ್‌ಮೋಡ್ ಜೊತೆಗೆ ಸೇರಿಸಬಹುದು. ಕಡತಗಳಿಗೆ ಒಪ್ಪುವ 644 ಎಂಬ ಅಂಕಿಯನ್ನು ಹೀಗೆ ಮೇಲಿನಿಂದ ಕೆಳಗಿನವರೆಗೆ ಹರಿಯಬಿಟ್ಟರೆ ಒಳಗಿನ ಕೋಶಗಳೂ ಚಾಲನೆಯ ಅನುಮತಿಯನ್ನು ಕಳೆದುಕೊಳ್ಳುತ್ತವೆ. ಕಡತಗಳೆಲ್ಲ ಇದ್ದಲ್ಲೇ ಇದ್ದರೂ ಅವುಗಳನ್ನು ತಲುಪುವ ದಾರಿ ಮುಚ್ಚಿಹೋಗುತ್ತದೆ. ಹೊಸ ಕಡತಗಳು ಹುಟ್ಟುವಾಗಲೇ ಮಿತವಾದ ಅನುಮತಿಯೊಂದಿಗೆ ಹುಟ್ಟುವಂತೆ ಮಾಡುವ ‘ಯುಮಾಸ್ಕ್’ ಎಂಬ ಏರ್ಪಾಡು ಇರುವುದು ಇಂತಹ ತಿದ್ದುಪಡಿಗಳ ಗೋಜನ್ನು ಕಡಮೆ ಮಾಡುವುದಕ್ಕಾಗಿಯೇ. ಅದು 022 ಆಗಿದ್ದರೆ ಹೊಸ ಕಡತ 644 ಆಗಿ, ಹೊಸ ಕೋಶ 755 ಆಗಿ ಹುಟ್ಟುತ್ತದೆ.

ಕಾವಲನ್ನು ಬಿಗಿಯಾಗಿಯೇ ಉಳಿಸಿಕೊಂಡು ಅಗತ್ಯವಾದ ಒಂದು ಕೆಲಸಕ್ಕಷ್ಟೇ ಬಾಗಿಲು ತೆರೆಯುವ ಉಪಾಯವನ್ನು ಕಂಡುಕೊಂಡವರು ಡೆನಿಸ್ ರಿಚಿ. ಪ್ರತಿಯೊಬ್ಬನೂ ತನ್ನ ಗುಪ್ತಪದವನ್ನು ತಾನೇ ಬದಲಿಸಿಕೊಳ್ಳಬೇಕು. ಆದರೆ ಗುಪ್ತಪದಗಳ ಕಡತವನ್ನು ಯಾರೂ ತಿದ್ದಕೂಡದು. ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಾಗಿ ಕಾಣುತ್ತವೆ. ರಿಚಿಯವರು ಮಾಡಿದ್ದೇನೆಂದರೆ, ಗುಪ್ತಪದವನ್ನು ಬದಲಿಸುವ ಕಾರ್ಯಕ್ರಮಕ್ಕೆ ಒಂದು ವಿಶೇಷ ಗುರುತನ್ನು ಇಟ್ಟದ್ದು. ಅದನ್ನು ಯಾರು ನಡೆಸಿದರೂ, ಅದು ನಡೆಯುವಷ್ಟು ಹೊತ್ತು, ಒಡೆಯನ ಅಧಿಕಾರದಿಂದ ನಡೆಯುತ್ತದೆ. ಜನರಿಗೆ ಕಡತದ ಮೇಲೆ ಹಕ್ಕಿಲ್ಲ. ಕಡತವನ್ನು ನಿಯಮದಂತೆ ತಿದ್ದುವ ಗುಮಾಸ್ತನನ್ನು ಕರೆಯುವ ಹಕ್ಕಿದೆ. ಇದಕ್ಕೆ 1979ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಅದನ್ನು ಸಾರ್ವಜನಿಕರ ಬಳಕೆಗೇ ಬಿಟ್ಟುಕೊಡಲಾಯಿತು.

ಓದುವ, ಬರೆಯುವ ಹಕ್ಕುಗಳ ಈ ವಿಂಗಡಣೆ ಗಣಕದ ಕೋಣೆಗಷ್ಟೇ ಸೇರಿದ್ದಲ್ಲವೆಂಬುದನ್ನು ಶಿರವಾಡದಂತಹ ಊರಿನ ರೈತರು ಚೆನ್ನಾಗಿ ಬಲ್ಲರು. ಹೊಲಗದ್ದೆಗಳ ದಾಖಲೆಯಾದ ಪಹಣಿಯಲ್ಲಿ ಮಾಲೀಕನ ಹೆಸರಿಗೆ ಒಂದು ಅಂಕಣ, ಸಾಗುವಳಿದಾರನ ಹೆಸರಿಗೆ ಇನ್ನೊಂದು ಅಂಕಣ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿದಾರನು ಉಳುತ್ತಿದ್ದ ನೆಲಕ್ಕೆ ತಾನೇ ಒಡೆಯನಾಗಬಹುದಾಯಿತು. ಗೇಣಿ ಒಕ್ಕಲುಗಳೇ ಹೆಚ್ಚಾಗಿದ್ದ ಉತ್ತರ ಕನ್ನಡದ ಕರಾವಳಿಯಲ್ಲಿ ಆ ಸಾಗುವಳಿಯ ಅಂಕಣದಲ್ಲಿ ಯಾರ ಹೆಸರಿದೆಯೆಂಬುದು ಒಂದು ಕುಟುಂಬದ ಅನ್ನದ ಪ್ರಶ್ನೆಯಾಯಿತು. ಆ ದಾಖಲೆಯಾದರೋ ಗ್ರಾಮಲೆಕ್ಕಿಗನ ವಶದಲ್ಲಿದ್ದ ಕೈಬರಹದ ಪುಸ್ತಕ. ಓದುವುದಕ್ಕೂ ಅವನನ್ನೇ ಕಾಣಬೇಕು, ಬರೆಯುವವನೂ ಅವನೇ. ಒಂದೇ ಕೈಯಲ್ಲಿ ಎಲ್ಲ ಅನುಮತಿಗಳೂ ಇದ್ದವು. ಯಾವ ದಿನ ಯಾವ ಕಾರಣಕ್ಕೆ ಒಂದು ಹೆಸರು ಹೋಗಿ ಮತ್ತೊಂದು ಬಂತೆಂಬುದನ್ನು ರೈತನು ತಿಳಿಯುವುದು ಸುಲಭವಾಗಿರಲಿಲ್ಲ. ಪ್ರಾಮಾಣಿಕ ಗ್ರಾಮಲೆಕ್ಕಿಗರು ಅನೇಕರಿದ್ದರು, ನಿಜ. ಆದರೆ ಪ್ರಾಮಾಣಿಕತೆಯೊಂದನ್ನೇ ಬೀಗವೆಂದು ನಂಬಿದ ವ್ಯವಸ್ಥೆಯಾಗಿತ್ತು ಅದು.

ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಡಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿತು. ಆ ಯೋಜನೆಯಲ್ಲಿ ಬಳಸಿದ್ದು ಮೇಲೆ ಹೇಳಿದ ಆದೇಶಗಳನ್ನಲ್ಲ. ಆದರೆ ವಿಂಗಡಣೆ ಅದೇ ಬಗೆಯದು. ಓದುವ ಅನುಮತಿ ಎಲ್ಲರಿಗೂ ದೊರೆಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಶುಲ್ಕ ಕೊಟ್ಟವನು ಯಾರ ಪಹಣಿಯನ್ನಾದರೂ ಪಡೆಯಬಹುದಾಯಿತು. ಬರೆಯುವ ಅನುಮತಿ ನಿಯುಕ್ತರಾದ ಅಧಿಕಾರಿಗಳಿಗೆ ಮಾತ್ರ. ಅವರೂ ಬೆರಳಿನ ಗುರುತನ್ನು ಒತ್ತಿಯೇ ಯಂತ್ರವನ್ನು ಪ್ರವೇಶಿಸಬೇಕು. ಗುಪ್ತಪದವನ್ನು ಒಬ್ಬರು ಇನ್ನೊಬ್ಬರಿಗೆ ಹೇಳಬಹುದು, ಬೆರಳನ್ನು ಕೊಡಲಾಗದು. ಹಕ್ಕು ಬದಲಾವಣೆಗೆ ಅರ್ಜಿ ಬಂದರೆ ಸಂಬಂಧಪಟ್ಟವರ ಆಕ್ಷೇಪಣೆಗೆ ಆಗ 30 ದಿನಗಳ ಅವಕಾಶವಿತ್ತು.

ಎಲ್ಲರಿಗೂ ಓದುವ ಹಕ್ಕನ್ನು ಕೊಟ್ಟದ್ದು ಸರಿಯೇ ಎಂಬ ಚರ್ಚೆ ಆಮೇಲೆಯೂ ನಡೆಯಿತು. ಬೆಂಗಳೂರಿನಂತಹ ನಗರಗಳ ಅಂಚಿನಲ್ಲಿ ಯಾವ ನೆಲ ಯಾರದೆಂಬುದು ಒಂದೇ ಕಡೆ ತಿಳಿಯುವಂತಾದದ್ದು ಬಡ ರೈತನಿಗಿಂತ ದೊಡ್ಡ ಭೂವ್ಯಾಪಾರಿಗೇ ಹೆಚ್ಚು ಉಪಕಾರ ಮಾಡಿತೆಂದು ಕೆಲವು ಅಧ್ಯಯನಕಾರರು ಟೀಕಿಸಿದರು. ಟೀಕೆಯನ್ನು ತಳ್ಳಿಹಾಕುವಂತಿಲ್ಲ, ಓದಿನ ಅನುಮತಿಯೂ ಒಂದು ಅಧಿಕಾರವೇ. ಆದರೂ ಹಳೆಯ ಪುಸ್ತಕದ ಕಾಲಕ್ಕೆ ಹಿಂದಿರುಗಲು ರೈತರು ಒಪ್ಪುತ್ತಾರೆಂದು ತೋರುವುದಿಲ್ಲ. ಶಿರವಾಡದ ರೈತನು ಇಂದು ತನ್ನ ಗದ್ದೆಯ ಸರ್ವೆ ನಂಬರನ್ನು ಹೇಳಿ ಪಹಣಿಯನ್ನು ಪಡೆದು, ಕಿಟಕಿಯ ಬಳಿಯಲ್ಲಿಯೇ ನಿಂತು, ಮಾಲೀಕನ ಅಂಕಣವನ್ನೂ ಸಾಗುವಳಿಯ ಅಂಕಣವನ್ನೂ ಬೆರಳಿಟ್ಟು ಓದಿ ನೋಡುತ್ತಾನೆ. ತಪ್ಪು ಕಂಡರೆ ಅದನ್ನು ಅವನು ತಿದ್ದಲಾರ. ತಿದ್ದಬೇಕಾದವರ ಮುಂದೆ ಆ ಕಾಗದವನ್ನು ಹಿಡಿದು ನಿಲ್ಲಬಲ್ಲ.